ಮಸ್ಕತ್ ಕೊನೆಗಿರಲಿ ಎಂದವನು

ರಾಯಚೂರಿನ ಒಂದು ಟ್ರಾವೆಲ್ ಆಫೀಸಿಗೆ ನಾನು ಟೈಪಿಸ್ಟಾಗಿ ಸೇರಿದೆ. ಬಿಡುವ ಹೊತ್ತಿಗೆ ಪ್ರವಾಸದ ದಾರಿ ಹಾಕುವುದೇ ನನ್ನ ಕೆಲಸವಾಗಿತ್ತು. ಈಗ ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಮನೆಗೆ ಬಂದು, 'ಅಕ್ಕಾರ, ಕಡಿಮಿ ಖರ್ಚಿನಾಗ ನಾಕು ಅರಬ್ ಊರು ಹ್ಯಾಂಗ ಕೂಡಸ್ತಿದ್ರಿ?' ಎಂದು ಕೇಳುತ್ತಾರೆ. ಅದನ್ನು ಹೇಳುತ್ತೇನೆ. ಅದರ ಜೊತೆಗೆ ಅವರು ಕೇಳದ ಇನ್ನೊಂದು ಸಂಗತಿಯನ್ನೂ ಹೇಳಬೇಕಾಗಿದೆ. ಅದನ್ನು ನಿಧಾನವಾಗಿ ಬರೆಯುತ್ತೇನೆ. ಕಂಡದ್ದನ್ನು ಕಂಡೆ ಎಂದೂ ಕೇಳಿದ್ದನ್ನು ಕೇಳಿದೆ ಎಂದೂ ಬರೆಯುತ್ತೇನೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬಿಡುತ್ತೇನೆ. ಊರುಗಳ ಹೆಸರು ಇದ್ದಂತೆಯೇ ಇವೆ, ಜನರ ಹೆಸರುಗಳನ್ನು ಬದಲಿಸಿದ್ದೇನೆ.

ನನ್ನನ್ನು ಕೆಲಸಕ್ಕೆ ತೆಗೆದುಕೊಂಡವರು ಮಾಲೀಕರಾದ ಹಬೀಬ್ ಸಾಬರು. ನನ್ನ ಅಪ್ಪ ಗಂಜಿನಲ್ಲಿ, ಅಂದರೆ ಹತ್ತಿ ಮಾರುಕಟ್ಟೆಯಲ್ಲಿ, ಹತ್ತಿಯ ಮೂಟೆ ಹೊರುತ್ತಿದ್ದರು. ಟೈಪಿಂಗ್ ಕಲಿತ ಮಗಳಿದ್ದಾಳೆ ಎಂದು ಅವರೇ ಹೋಗಿ ಸಾಬರಿಗೆ ಹೇಳಿದ್ದರು. ಸಾಬರು ನನ್ನ ಟೈಪಿಂಗ್ ನೋಡಲೇ ಇಲ್ಲ. 'ಬೇಟಿ, ಜನ ಸುಳ್ಳ ಹೇಳಿದ್ರ ಗೊತ್ತಾಗತದೇನು ನಿನಗ?' ಎಂದು ಕೇಳಿದರು. ನಾನು ಗಾಬರಿಯಾಗಿ, 'ಒಮ್ಮೊಮ್ಮೆ ಗೊತ್ತಾಗತದ್ರಿ' ಎಂದೆ. 'ಒಮ್ಮೊಮ್ಮೆ ಸಾಕು, ನಾಳಿಂದ ಬಾ' ಎಂದರು.

ಆಗ ನಮ್ಮಲ್ಲಿ ಬರುತ್ತಿದ್ದವರು ಹೆಚ್ಚಾಗಿ ದುಡಿಯಲು ಹೋಗುವವರು. ಮಾನ್ವಿಯ ಗಾರೆಯವರು, ರಾಯಚೂರಿನ ಡ್ರೈವರುಗಳು, ಅಡುಗೆಯವರು. ಪ್ರವಾಸಕ್ಕೆಂದು ಹೋಗುವ ಜನ ಆಮೇಲೆ ಹುಟ್ಟಿಕೊಂಡರು. ನಿವೃತ್ತರಾದ ಶಿಕ್ಷಕರು, ವಿದ್ಯುತ್ ಕೇಂದ್ರದಲ್ಲಿ ಕೆಲಸ ಮಾಡಿದವರು, ಮೊದಲ ಬಾರಿಗೆ ಕೈಯಲ್ಲಿ ಒಂದಿಷ್ಟು ಪಿಂಚಣಿ ಹಣ ಕಂಡ ಮನೆತನದವರು. 'ನಮ್ಮ ಹುಡುಗರು ಕಟ್ಟಿದ್ದ ಊರು ಹ್ಯಾಂಗದ ನೋಡೂಣು' ಎಂದು ಬರುತ್ತಿದ್ದರು. ಆಸೆ ದೊಡ್ಡದು, ಹಣ ಕಡಿಮೆ. ಅವರಿಗಾಗಿ ನಾನು ದಾರಿ ಹಾಕಲು ಕಲಿತೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆ ಊರುಗಳನ್ನು ನಾನು ನೋಡಿಲ್ಲ. ದುಬೈ ನನಗೆ ಗೊತ್ತಾದದ್ದು ರಜೆಗೆ ಬಂದ ಗಾರೆಯವರ ಬಾಯಿಂದ. ಅವರು ಟಿಕೆಟಿಗೆ ಬಂದು ಕೂತಾಗ ಚಹಾ ಕೊಟ್ಟು ಕೇಳುತ್ತಿದ್ದೆ. ಶಾರ್ಜಾದ ಯಾವ ಓಣಿಯಲ್ಲಿ ಸ್ವಚ್ಛವಾದ ಅಗ್ಗದ ಕೋಣೆ ಸಿಗುತ್ತದೆ, ಯಾವ ಬಸ್ಸು ಎಲ್ಲಿಂದ ಹೊರಡುತ್ತದೆ, ಹೆಣ್ಣುಮಕ್ಕಳಿಗೆ ಶೌಚಾಲಯ ಎಲ್ಲಿದೆ. ದೊಡ್ಡ ಕಂಪನಿಗಳ ಬಣ್ಣದ ಪುಸ್ತಕಗಳಲ್ಲಿ ಇದ್ಯಾವುದೂ ಇರುತ್ತಿರಲಿಲ್ಲ. ಒಬ್ಬನ ಮಾತನ್ನು ಮಾತ್ರ ನಂಬುತ್ತಿರಲಿಲ್ಲ. ಒಂದೇ ಓಣಿಯ ಬಗ್ಗೆ ಮೂವರನ್ನು ಕೇಳಿ, ಮೂವರ ಮಾತೂ ಕೂಡಿದರೆ ಮಾತ್ರ ಗುಂಪನ್ನು ಅಲ್ಲಿಗೆ ಕಳಿಸುತ್ತಿದ್ದೆ.

ದಾರಿ ಹೀಗೆ. ಹೈದರಾಬಾದಿನಿಂದ ಶಾರ್ಜಾಕ್ಕೆ ಅಗ್ಗದ ವಿಮಾನ. ವಾಸ್ತವ್ಯ ಶಾರ್ಜಾದಲ್ಲೇ, ಏಕೆಂದರೆ ದುಬೈ ಪಕ್ಕದಲ್ಲೇ ಇದ್ದರೂ ಅಲ್ಲಿಯ ಕೋಣೆ ದುಬಾರಿ. ಬೆಳಿಗ್ಗೆ ಕೆಲಸಕ್ಕೆ ಹೋಗುವವರ ನೂಕುನುಗ್ಗಲು ಇಳಿದ ಮೇಲೆ ಬಸ್ಸು ಹತ್ತಿ ದುಬೈಗೆ ಹೋಗಬೇಕು. ಅಲ್ಲಿಯ ಹಳೇ ಪೇಟೆಯ ನಡುವಿನ ನೀರನ್ನು ದಾಟಲು ಮರದ ದೋಣಿಗಳಿವೆ. ಅದು ಅತಿ ಅಗ್ಗದ ಸವಾರಿ. ಎತ್ತರದ ಕಟ್ಟಡಕ್ಕಿಂತ ನಮ್ಮವರಿಗೆ ಆ ದೋಣಿಯೇ ಇಷ್ಟವಾಗುತ್ತಿತ್ತು. ಒಂದು ಹಗಲು ಬಸ್ಸಿನಲ್ಲಿ ಅಬುಧಾಬಿ. ಕೊನೆಗೆ ಗಡಿ ದಾಟುವ ಬಸ್ಸಿನಲ್ಲಿ ಓಮನ್ ದೇಶದ ಮಸ್ಕತ್. ಅಲ್ಲಿಂದ ಹೈದರಾಬಾದಿಗೆ ವಿಮಾನ. ಒಂದು ವಾರಕ್ಕಿಂತ ಕಡಿಮೆ ದಿನ, ನಾಲ್ಕು ಊರು.

ಊಟದ ಖರ್ಚೇ ದೊಡ್ಡದು. ಅದಕ್ಕೆ ಹೊರಗಿನ ಯಾವ ಏಜೆಂಟನಿಗೂ ತಿಳಿಯದ ಉಪಾಯ ನಮ್ಮ ಮನೆಗಳಲ್ಲೇ ಇತ್ತು. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ಒಂದು ಹೊತ್ತು ಹೋಟೆಲು, ಒಂದು ಹೊತ್ತು ರೊಟ್ಟಿ. ಹೊರಡುವ ಮುನ್ನಾದಿನ ಎಲ್ಲರೂ ಚೀಲ ತಂದು ನಮ್ಮ ಆಫೀಸಿನಲ್ಲಿ ತೂಕ ಮಾಡಿಸಬೇಕು, ಚೀಲ ಬಿಚ್ಚಿ ತೋರಿಸಬೇಕು ಎಂಬುದು ನಾನು ಮಾಡಿದ ನಿಯಮ.

ಬಿಚ್ಚಿ ತೋರಿಸುವ ನಿಯಮ ಬಂದದ್ದು ಗಸಗಸೆಯಿಂದ. ನಮ್ಮಲ್ಲಿ ಪಾಯಸಕ್ಕೆ, ಮಸಾಲೆಗೆ ಹಾಕುವ ಗಸಗಸೆ ಅಲ್ಲಿ ನಿಷಿದ್ಧ. ಒಂದು ಹಿಡಿ ಸಿಕ್ಕರೂ ಪೊಲೀಸರು. ಇದನ್ನು ಹೇಳಿದಾಗ ಯಾರೂ ನಂಬುತ್ತಿರಲಿಲ್ಲ. ಮಲ್ಲಟದ ಬಸಮ್ಮ ಟೀಚರ್, ನಿವೃತ್ತರಾದ ಪ್ರಾಥಮಿಕ ಶಾಲೆಯ ಶಿಕ್ಷಕಿ, ನನ್ನ ಮೇಜಿನ ಮುಂದೆಯೇ ಸೊಂಟದ ಮೇಲೆ ಕೈಯಿಟ್ಟು ನಿಂತರು.

'ಗಸಗಸಿ ಅಂದ್ರ ಅಫೀಮೇನ್ರಿ ಸುಜಾತವ್ವಾ?'

'ಅವರ ಲೆಕ್ಕದಾಗ ಹೌದ್ರಿ.'

'ಹಂಗಾದ್ರ ನಮ್ಮವ್ವ ನಮಗ ಹಬ್ಬಕ್ಕೊಮ್ಮೆ ಅಫೀಮು ಕುಡಿಸ್ಯಾಳ ಅಂದಂಗಾತು. ಅದಕ್ಕ ನೋಡ್ರಿ, ನಮ್ಮ ಮಂದಿ ಹಬ್ಬದ ದಿನ ಮಧ್ಯಾಹ್ನ ಏಳೂದಿಲ್ಲ!'

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಅವರ ಚೀಲ ಬಿಚ್ಚಿಸಿದೆ. ಚಕ್ಕುಲಿ ಡಬ್ಬಿಯ ಕೆಳಗೆ ಒಂದು ಪೊಟ್ಟಣ ಗಸಗಸೆ ಇತ್ತು. ಅಲ್ಲಿರುವ ಅಣ್ಣನ ಮಗನ ಹೆಂಡತಿ ಬಾಣಂತಿ, ಅವಳಿಗೆ ಎಂದರು. ಒಳ್ಳೆಯವರು, ನಗುವವರು, ಸುಳ್ಳು ಹೇಳದವರು ಕೂಡ ಚೀಲದ ತಳದಲ್ಲಿ ಏನೋ ಇಟ್ಟಿರುತ್ತಾರೆ ಎಂದು ಅಂದು ಕಲಿತೆ. ಬಸಮ್ಮ ಟೀಚರ್ ಆ ಸಲ ಹೋಗಿ ಬಂದವರು, ಮತ್ತೆ ಮತ್ತೆ ಹೋಗುವ ಚಟ ಹತ್ತಿಸಿಕೊಂಡರು. ಅವರ ಹೆಸರು ಮುಂದೆಯೂ ಬರುತ್ತದೆ.

ತಪ್ಪುಗಳೂ ಆದವು. ಒಂದು ಗುಂಪಿಗೆ ಶುಕ್ರವಾರ ಬೆಳಿಗ್ಗೆ ದುಬೈ ಮೆಟ್ರೋ ರೈಲು ಎಂದು ಹಾಕಿದ್ದೆ. ಆಗೆಲ್ಲ ಶುಕ್ರವಾರ ಬೆಳಿಗ್ಗೆ ಅದು ಓಡುತ್ತಿರಲಿಲ್ಲ. ಮುಚ್ಚಿದ ಬಾಗಿಲ ಮುಂದೆ ಇಡೀ ಗುಂಪು ಮೆಟ್ಟಿಲ ಮೇಲೆ ಕೂತು ರೊಟ್ಟಿ ಬಿಚ್ಚಿತಂತೆ. ಕಾವಲಿನವನು ಬಂದವನು ಬಯ್ಯಲಿಲ್ಲ, ತೆಲುಗಿನವನು, ಚಟ್ನಿಪುಡಿಯ ವಾಸನೆಗೆ ಬಂದಿದ್ದ. ಗುಂಪಿನವರು ನಗುತ್ತಾ ಹೇಳಿದರು. ಸಾಬರು ಮಾತ್ರ ನಗಲಿಲ್ಲ. 'ಶುಕ್ರವಾರ ಅನ್ನೋದು ನನ್ನ ಕೇಳಬೇಕಿತ್ತಲ್ಲ ಬೇಟಿ' ಎಂದರು. ಅಷ್ಟೇ. ಮೂರು ದಿನ ನನಗೆ ಊಟ ರುಚಿಸಲಿಲ್ಲ.

ಸಾಬರು ಹೇಳುತ್ತಿದ್ದ ಇನ್ನೊಂದು ಮಾತನ್ನು ಹೊಸಬರು ಬರೆದಿಟ್ಟುಕೊಳ್ಳಿ. 'ಸಸ್ತಾ ಅಂದ್ರ ಉಳದ ದುಡ್ಡು ಮತ್ಯಾರೋ ಕೊಡಾಕತ್ತಾರ ಅಂತ ಅರ್ಥ. ಯಾರು ಅಂತ ಮೊದಲು ಕೇಳು.' ಅಗ್ಗದ ಹೋಟೆಲು ಅಗ್ಗ ಏಕೆ? ಕಿಟಕಿ ಇಲ್ಲದಿರಬಹುದು. ಅಗ್ಗದ ಬಸ್ಸು ಅಗ್ಗ ಏಕೆ? ದಾರಿಯಲ್ಲಿ ಅಂಗಡಿಗೆ ಒಯ್ದು ನಿಲ್ಲಿಸುತ್ತಿರಬಹುದು. ಈ ಪ್ರಶ್ನೆಗೆ ಉತ್ತರ ಸಿಗದ ಬೆಲೆಯನ್ನು ಸಾಬರು ಎಂದೂ ಒಪ್ಪಲಿಲ್ಲ.

ಸಾಬರು ತೀರಿಕೊಂಡ ಮೇಲೆ ಮಗ ಅಸ್ಲಂ ಆಫೀಸು ನೋಡಿಕೊಂಡ. ಕೆಟ್ಟವನಲ್ಲ. ನನ್ನನ್ನು ಆಪಾ ಎಂದು ಕರೆಯುತ್ತಿದ್ದ, ಅಕ್ಕ ಎಂದು. ಆದರೆ ಕಾಲ ಬದಲಾಗಿತ್ತು. ಟಿಕೆಟು ಜನರ ಫೋನಿಗೇ ಬರತೊಡಗಿತ್ತು. ನಮ್ಮ ಬಳಿ ಬರುವವರು ಕಡಿಮೆಯಾಗಿದ್ದರು. ಹಾಗಾಗಿ ಗುಂಪು ತರುವವರು ಅವನಿಗೆ ದೇವರಂತೆ ಕಾಣುತ್ತಿದ್ದರು. ಅವರಲ್ಲಿ ಮುಖ್ಯನಾದವನು ಮಾನ್ವಿಯ ಶರಣಪ್ಪ.

ಶರಣಪ್ಪನನ್ನು ಇಷ್ಟಪಡದಿರುವುದು ಕಷ್ಟ. ಬಿಳಿ ಅಂಗಿ, ಬಾಯಿ ತುಂಬ ಮಾತು. ಮಾನ್ವಿ ಮತ್ತು ದೇವದುರ್ಗದ ಕಡೆಯಿಂದ ವರ್ಷಕ್ಕೆ ಒಂದೆರಡು ಸಲ ಗುಂಪು ಕಟ್ಟಿ ತಾನೇ ಕರೆದುಕೊಂಡು ಹೋಗುತ್ತಿದ್ದ. ವಯಸ್ಸಾದವರ ಚೀಲ ಹೊರುತ್ತಿದ್ದ. ನನಗೆ ಪ್ರತಿ ಸಲ ಖರ್ಜೂರ ತರುತ್ತಿದ್ದ. ಅವನ ಬಗ್ಗೆ ನನ್ನ ಮನಸ್ಸಿನಲ್ಲಿ ಮೊದಲ ಮುಳ್ಳು ಚುಚ್ಚಿದ್ದು ಕೊನೆಯ ಗುಂಪಿನ ದಾರಿ ಹಾಕುವಾಗ.

ಆ ಸಲ ಮಸ್ಕತ್‌ಗೆ ಮೊದಲು ಹೋಗುವ ವಿಮಾನ ಅಗ್ಗವಾಗಿತ್ತು. ಮಸ್ಕತ್ ಮೊದಲು ನೋಡಿ, ಬಸ್ಸಿನಲ್ಲಿ ದುಬೈಗೆ ಬಂದು, ಶಾರ್ಜಾದಿಂದ ಮರಳಿದರೆ ಎಲ್ಲರಿಗೂ ಉಳಿತಾಯ. ನಾನು ಖುಷಿಯಿಂದ ಹೇಳಿದೆ.

'ಬ್ಯಾಡ್ರಿ ಮೇಡಂ' ಎಂದ ಶರಣಪ್ಪ. 'ಮಸ್ಕತ್ ಕೊನಿಗಿರಲಿ.'

'ಯಾಕ್ರಿ? ಅಗ್ಗ ಬೀಳತದ.'

'ಮಂದಿ ಮೊದಲು ದುಬೈ ನೋಡಬೇಕಂತಾರ್ರಿ.'

'ನೋಡ್ತಾರಲ್ಲ, ಎರಡು ದಿನ ತಡಾ ಆಗಿ.'

'ಮೇಡಂ, ಕೊನಿಗಿರಲಿ ಅಂದೆ' ಎಂದ. ನಗುತ್ತಲೇ ಇದ್ದ, ಆದರೆ ಆ ನಗು ಅರ್ಧದಲ್ಲಿ ನಿಂತಿತ್ತು.

ಅಗ್ಗವನ್ನೇ ಬೇಡುತ್ತಿದ್ದ ಮನುಷ್ಯ ಅಗ್ಗವನ್ನು ಬೇಡವೆಂದ. ನಾನು ಕೂತು ಯೋಚಿಸಿದೆ. ದುಬೈ, ಶಾರ್ಜಾ ಮತ್ತು ಅಬುಧಾಬಿ ಒಂದೇ ದೇಶದವು. ಅದರ ವೀಸಾ ನಮ್ಮ ಆಫೀಸಿನ ಮೂಲಕ ಆಗುತ್ತಿತ್ತು. ನಮ್ಮ ಪ್ರವಾಸಿ ಆ ದೇಶದಿಂದ ಹೊರಬೀಳದಿದ್ದರೆ ನಮಗೇ ಫೋನು, ನಮಗೇ ದಂಡ. ಆದರೆ ಬಸ್ಸಿನಲ್ಲಿ ಓಮನ್ ಗಡಿ ದಾಟಿದ ಕೂಡಲೇ ನಮ್ಮ ಹೊಣೆ ಮುಗಿಯಿತು. ಓಮನ್ ವೀಸಾವನ್ನು ಶರಣಪ್ಪ ಮೊದಲಿನಿಂದಲೂ ತಾನೇ ಮಾಡಿಸುತ್ತಿದ್ದ, ಪರಿಚಯದವರಿದ್ದಾರೆ, ಕಡಿಮೆಯಲ್ಲಿ ಆಗುತ್ತದೆ ಎಂದು. ಮಸ್ಕತ್‌ನಿಂದ ಮರಳುವ ವಿಮಾನದಲ್ಲಿ ಒಂದು ಸೀಟು ಖಾಲಿ ಬಂದರೆ ಯಾರು ನಮಗೆ ಹೇಳುತ್ತಾರೆ? ಯಾರೂ ಇಲ್ಲ. ಯಾರನ್ನಾದರೂ ಅವನು ಅಲ್ಲೇ ಬಿಟ್ಟು ಬರುತ್ತಿರಬಹುದೇ ಎಂಬುದು ಆಗ ನನಗೆ ಬರೀ ಅನುಮಾನ. ಹಾಗೆಯೇ ಅಸ್ಲಂಗೆ ಹೇಳಿದೆ.

'ಆಪಾ, ನಮ್ಮ ಕೆಲಸ ಟಿಕೀಟ ಕೊಡೋದು. ಸಿಐಡಿ ಕೆಲಸ ಅಲ್ಲ.'

'ನಿಮ್ಮ ಅಬ್ಬಾ ಇದ್ದಿದ್ರ ಕೇಳ್ತಿದ್ರು.'

'ಅಬ್ಬಾ ಇದ್ದಾಗ ಫೋನಿನಾಗ ಟಿಕೀಟ ಸಿಗ್ತಿದ್ದಿಲ್ಲ' ಎಂದು ತಲೆ ತಗ್ಗಿಸಿಕೊಂಡ.

ಗುಂಪಿನವರು ಮತ್ತೊಂದು ದಿನ ಪಾಸ್‌ಪೋರ್ಟ್ ಕೊಡಲು ಬಂದರು. ಅವರಲ್ಲಿ ದೇವದುರ್ಗದ ಈರಮ್ಮ ಎಂಬ ಹೆಂಗಸು ಇದ್ದಳು. ನಲವತ್ತರ ಆಸುಪಾಸು, ದುಡಿದು ಗಟ್ಟಿಯಾದ ಕೈ. ಗಂಡ ಇಲ್ಲ. ಮಗಳು ರಾಯಚೂರಿನಲ್ಲಿ ನರ್ಸಿಂಗ್ ಓದುತ್ತಿದ್ದಾಳೆ ಎಂದು ತಿಳಿಯಿತು. ನಾನು ಕೇಳಿದ್ದಕ್ಕೆಲ್ಲ ಶರಣಪ್ಪನೇ ಉತ್ತರ ಕೊಡುತ್ತಿದ್ದ.

'ನಮ್ಮ ಸಂಬಂಧದಾಕಿ ರಿ. ಪಾಪ, ಎಂದೂ ಎಲ್ಲೂ ನೋಡಿಲ್ಲ. ನಾನ ಖರ್ಚು ಹಾಕೀನಿ.'

'ಏನ ನೋಡಬೇಕಂತ ಆಸೆ ಅದ ನಿಮಗ?' ಎಂದು ನಾನು ಈರಮ್ಮನನ್ನೇ ಕೇಳಿದೆ. ಎಲ್ಲರನ್ನೂ ಕೇಳುವ ಪ್ರಶ್ನೆ ಅದು. ಒಬ್ಬರು ಸಮುದ್ರ ಎನ್ನುತ್ತಾರೆ, ಒಬ್ಬರು ಚಿನ್ನದ ಅಂಗಡಿ ಎನ್ನುತ್ತಾರೆ. ಈರಮ್ಮ ಶರಣಪ್ಪನ ಮುಖ ನೋಡಿದಳು.

'ಎಲ್ಲಾ ನೋಡ್ತಾಳ ತಗೋರಿ' ಎಂದ ಅವನು.

ಹೊರಡುವ ಮುನ್ನಾದಿನ ತೂಕಕ್ಕೆ ಎಲ್ಲರೂ ಸೇರಿದರು. ಬಸಮ್ಮ ಟೀಚರ್ ಕೂಡ ಆ ಗುಂಪಿನಲ್ಲಿದ್ದರು. ಚೀಲಗಳನ್ನು ಒಂದೊಂದಾಗಿ ಬಿಚ್ಚಿಸಿದೆ. ಪ್ರವಾಸಕ್ಕೆ ಹೋಗುವವರ ಚೀಲದಲ್ಲಿ ಹೊಸ ಸೀರೆ ಮೇಲಿರುತ್ತದೆ. ಈರಮ್ಮನ ಚೀಲದ ಮೇಲಿದ್ದದ್ದು ಮಾಸಿದ, ಒಗೆದು ಮಡಿಚಿದ, ಕೆಲಸಕ್ಕೆ ಉಡುವ ಸೀರೆಗಳು. ಅದರ ಕೆಳಗೆ ಬಟ್ಟೆಯಲ್ಲಿ ಸುತ್ತಿದ ರೊಟ್ಟಿಯ ಗಂಟು. ಒಂದಲ್ಲ, ಚೀಲದ ತಳದವರೆಗೂ. ಅದರ ಪಕ್ಕದಲ್ಲಿ ಗುರೆಳ್ಳು ಪುಡಿ, ಶೇಂಗಾ ಪುಡಿ, ಒಣಗಿಸಿದ ಪುಂಡಿಪಲ್ಯ.

ಬಸಮ್ಮ ಟೀಚರ್ ಬಗ್ಗಿ ನೋಡಿ, 'ಏನವ್ವಾ ಈರಮ್ಮ, ದುಬೈ ರಾಜನ ಮನಿಗೆ ಬೀಗರ ಊಟ ಒಯ್ಯಾಕತ್ತಿ ಏನು?' ಎಂದರು. ಎಲ್ಲರೂ ನಕ್ಕರು.

ಈರಮ್ಮ ನಗಲಿಲ್ಲ. 'ರೊಟ್ಟಿ ಮಳಿಗಾಲದ ತನಾ ಬರಬೇಕಲ್ರಿ' ಎಂದಳು.

ನಮ್ಮ ಕಡೆ ಖಡಕ್ ರೊಟ್ಟಿ ತಿಂಗಳುಗಟ್ಟಲೆ ಇಡುತ್ತೇವೆ. ದುಡಿಯಲು ದೂರದೂರಿಗೆ ಗುಳೆ ಹೋಗುವವರು ಹೀಗೆಯೇ ಒಯ್ಯುತ್ತಾರೆ, ಮೊದಲ ಕೂಲಿ ಕೈಗೆ ಬರುವವರೆಗೆ ಹೊಟ್ಟೆಗೆ ಆಧಾರ ಎಂದು. ನನ್ನ ಅವ್ವನೂ ಹೀಗೆ ಕಟ್ಟಿದ್ದನ್ನು ನಾನು ನೋಡಿದ್ದೆ. ನಾಲ್ಕು ಊರು ನೋಡಿ ವಾರದೊಳಗೆ ಮನೆಗೆ ಬರುವವರು ಯಾರೂ ಹೀಗೆ ಕಟ್ಟುವುದಿಲ್ಲ. ಶರಣಪ್ಪ ಆಗ ಹೊರಗೆ ಫೋನಿನಲ್ಲಿದ್ದ. ನಾನು ಈರಮ್ಮನನ್ನು ಚಹಾದ ನೆಪದಲ್ಲಿ ಒಳಗಿನ ಕೋಣೆಗೆ ಕರೆದೆ.

'ಎಷ್ಟ ದಿನಕ್ಕ ಹೊಂಟೀರಿ?' ಎಂದೆ.

ಅವಳು ಬಾಗಿಲ ಕಡೆ ನೋಡಿದಳು.

'ನಾ ಟಿಕೀಟ ಮಾಡಿದಾಕಿ, ನನಗ ಹೇಳ್ರಿ.'

'ಎರಡು ವರ್ಷ ಅಂದಾರ್ರಿ. ಮಸ್ಕತ್ತಿನಾಗ ಒಬ್ಬಾಕಿ ಮುದುಕಿ ಅದಾಳಂತ. ಆಕೀನ ನೋಡಿಕೊಳ್ಳೋದು. ನಿಮ್ಮ ಮುಂದ ಹೇಳಬ್ಯಾಡ ಅಂದಿದ್ದ ಅಣ್ಣ.'

'ಯಾಕ ಹೇಳಬಾರದಂತ?'

'ಹೇಳಿದ್ರ ನೀವು ಕಮಿಷನ್ ಕೇಳ್ತೀರಿ ಅಂತ.'

ಶರಣಪ್ಪ ಮಾಡಿಸಿ ತಂದಿದ್ದ ಓಮನ್ ವೀಸಾದ ಕಾಗದ ತೋರಿಸಿದೆ. ಇದು ನೋಡಲು ಹೋಗುವವರ ವೀಸಾ, ದುಡಿಯುವವರದಲ್ಲ, ದಿನ ಮುಗಿದ ಮೇಲೆ ಅಲ್ಲಿದ್ದರೆ ನೀವೇ ತಪ್ಪಿತಸ್ಥರು, ಹೊಡೆದರೂ ಸಂಬಳ ಕೊಡದಿದ್ದರೂ ಪೊಲೀಸರ ಬಳಿ ಹೋಗಲು ಆಗುವುದಿಲ್ಲ ಎಂದು ಒಂದೊಂದಾಗಿ ಬಿಡಿಸಿ ಹೇಳಿದೆ. ಈರಮ್ಮ ಕಾಗದ ನೋಡಲಿಲ್ಲ. ನನ್ನ ಮುಖ ನೋಡುತ್ತಿದ್ದಳು. ಅವಳ ಕಣ್ಣಲ್ಲಿದ್ದದ್ದು ಹೆದರಿಕೆಯಲ್ಲ, ಅನುಮಾನ. ನನ್ನ ಮೇಲಿನ ಅನುಮಾನ.

'ಅಕ್ಕಾರ, ಖರೇ ಹೇಳ್ರಿ. ನನ್ನ ಜಾಗಕ್ಕ ನಿಮ್ಮ ಪೈಕಿ ಯಾರನರ ಕಳಸಬೇಕಂತ ಮಾಡೀರೇನು?'

ಅವಳಿಗೆ ನಾನು ಯಾರು? ಶರಣಪ್ಪ ಅವಳ ಮನೆಗೆ ಬಂದು ಅವಳ ಕೈಯ ಊಟ ಉಂಡವನು. ಮಗಳ ಓದಿನ ಬಗ್ಗೆ ಕೇಳಿದವನು. ನಾನು ಮೇಜಿನ ಹಿಂದೆ ಕೂತವಳು. ಬಡವರಿಗೆ ಇಬ್ಬರು ಬಂದು ಎರಡು ಮಾತು ಹೇಳಿದಾಗ ಯಾವುದು ನಿಜ ಎಂದು ತಿಳಿಯುವ ಉಪಾಯ ಏನಿದೆ?

'ನನ್ನ ನಂಬಬ್ಯಾಡ್ರಿ' ಎಂದೆ. 'ನಿಮಗ ಏನ ಕೇಳಬೇಕನಸ್ತದ ಅದನ್ನ ಶರಣಪ್ಪನ್ನ ಕೇಳ್ರಿ. ಎಲ್ಲಾರ ಮುಂದ ಕೇಳ್ರಿ.'

ಅವಳು ಚಹಾ ಮುಗಿಸಿ ಲೋಟವನ್ನು ತೊಳೆದಿಟ್ಟಳು. ಹೊರಗೆ ಬಂದಳು. ಶರಣಪ್ಪ ಒಳಗೆ ಬರುತ್ತಿದ್ದ.

'ಯಣ್ಣಾ, ನಾ ದುಡಿಯೋ ಮನಿ ಯಾರದು?'

ಗುಂಪಿನವರು ಚೀಲ ಕಟ್ಟುವುದನ್ನು ನಿಲ್ಲಿಸಿದರು. ಶರಣಪ್ಪ ನನ್ನತ್ತ ಒಮ್ಮೆ ನೋಡಿದ.

'ಎಂಥಾ ಮನಿ? ಟೂರಿಗೆ ಹೊಂಟೀವಿ ನಾವು.'

'ಆ ಮುದುಕಿ ಹೆಸರೇನು?'

'ಈರವ್ವಾ, ಅಲ್ಲಿ ಹೋದ ಮ್ಯಾಲ ಎಲ್ಲಾ ತಿಳಿತದ. ಈಗ ಚೀಲಾ ಕಟ್ಟು.'

'ಕಳೇ ತಗ್ಯಾಕ ಹೋಗೋವಾಗೂ ಯಾರ ಹೊಲ ಅಂತ ಕೇಳಿ ಹೋಗ್ತೀವಿ ಯಣ್ಣಾ. ಇದು ಸಮುದ್ರ ದಾಟಿ ಹೋಗೋದು. ಹೆಸರು ಒಂದು ಹೇಳು. ನಾ ಈಗ ಚೀಲಾ ಕಟ್ಟತೀನಿ.'

ಅವನು ಒಂದು ಹೆಸರು ಹೇಳಿದ್ದರೆ, ಸುಳ್ಳಾದರೂ ಸರಿ, ಅವಳು ಅಂದು ಹೋಗಿಬಿಡುತ್ತಿದ್ದಳು ಎಂದು ನನಗೆ ಈಗಲೂ ಅನ್ನಿಸುತ್ತದೆ. ಮಾತಿನ ಮಲ್ಲನಾದ ಅವನಿಗೆ ಆ ಹೊತ್ತಿನಲ್ಲಿ ಹೆಸರು ಹೊಳೆಯಲಿಲ್ಲ. ಯಾರ ಮನೆ ಎಂಬ ಪ್ರಶ್ನೆಯನ್ನು ಅವನು ಎಂದೂ ಯೋಚಿಸಿರಲೇ ಇಲ್ಲವೇನೋ. ಬದಲಿಗೆ ಅವನು ನನ್ನ ಮೇಲೆ ಹರಿಹಾಯ್ದ.

'ಒಬ್ಬಾಕಿ ಬಡವಿ ಉದ್ಧಾರ ಆಗೋದು ನಿಮಗ ಸೈರಸಲಿಲ್ಲಲ್ರಿ ಮೇಡಂ? ನಿಮ್ಮಂಥಾ ಮನಿಯಾಕಿನ ಅಲ್ಲೇನು ಆಕಿ? ನೀವು ಕುರ್ಚಿ ಮ್ಯಾಲ ಕುಂತ್ರಿ, ಆಕಿ ಕೆಳಗ ಇರಬೇಕೇನು?'

ಗಂಜಿನಲ್ಲಿ ಮೂಟೆ ಹೊತ್ತವರ ಮಗಳಾದ ನನಗೆ ಆ ಮಾತು ನಾಟಿತು. ಎಲ್ಲರ ಮುಂದೆ ಅವನು ನನಗೆ ಹೊಡೆಯಲು ಸರಿಯಾದ ಜಾಗ ಹುಡುಕಿದ್ದ. ಪಾಸ್‌ಪೋರ್ಟುಗಳನ್ನು ಒಂದು ಚೀಲದಲ್ಲಿ ಹಾಕಿ ಗುಂಪಿನ ಮುಖಂಡನ ಕೈಗೆ ಕೊಡುವುದು ನಮ್ಮಲ್ಲಿ ನಡೆದುಬಂದ ರೀತಿ. ಅವನು ಕೈ ಚಾಚಿದ. ನಾನು ಚೀಲ ಬಿಚ್ಚಿ ಒಬ್ಬೊಬ್ಬರನ್ನೇ ಕರೆದು ಅವರವರ ಪಾಸ್‌ಪೋರ್ಟನ್ನು ಅವರವರ ಕೈಗೆ ಕೊಟ್ಟೆ. 'ಗಡ್ಯಾಗ ಅಧಿಕಾರಿಗಳಿಗೆ ಬಿಟ್ಟು ಯಾರ ಕೈಯಾಗೂ ಕೊಡಬ್ಯಾಡ್ರಿ' ಎಂದೆ. ಈರಮ್ಮನದನ್ನು ಕೊಡುವಾಗ ಶರಣಪ್ಪ, 'ಅದು ನನ್ನ ಖರ್ಚಿಂದು' ಎಂದು ಮುಂದೆ ಬಂದ.

ನಡುವೆ ಬಂದು ನಿಂತವನು ಅಸ್ಲಂ. 'ಶರಣಪ್ಪಣ್ಣ, ಪಾಸ್‌ಪೋರ್ಟಿನ ಮ್ಯಾಲ ಯಾರ ಫೋಟೋ ಅದ, ಅದು ಅವರದು' ಎಂದ. ಧ್ವನಿ ಅವರಪ್ಪನದೇ ಇದ್ದಂತಿತ್ತು.

ಈರಮ್ಮ ಚೀಲ ಹೊತ್ತು ದೇವದುರ್ಗದ ಬಸ್ಸಿಗೆ ಹೋದಳು. ಹೋಗುವಾಗ ನನ್ನ ಕಡೆ ಒಮ್ಮೆ ತಿರುಗಿ ನೋಡಿದಳು. ಕೃತಜ್ಞತೆ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಒಂದು ದೊಡ್ಡ ಅವಕಾಶವನ್ನು ನಾನು ಕೆಡಿಸಿದೆನೋ ಏನೋ ಎಂಬ ಲೆಕ್ಕ ಅವಳ ಮುಖದಲ್ಲಿತ್ತು. ಸತ್ಯ ಹೇಳಬೇಕೆಂದರೆ, ಆ ಲೆಕ್ಕ ನನ್ನ ಮನಸ್ಸಿನಲ್ಲೂ ಇತ್ತು. ನಿಜವಾಗಿ ಒಬ್ಬ ಮುದುಕಿ ಇದ್ದರೆ? ವೀಸಾ ಆಮೇಲೆ ಬದಲಿಸಿಕೊಡುವವರಿದ್ದರೆ? ನನ್ನ ಬಳಿ ಇದ್ದದ್ದು ಒಂದು ಚೀಲ ರೊಟ್ಟಿ, ಒಂದು ಅರ್ಧ ನಗು. ಅಷ್ಟರಿಂದ ಒಬ್ಬನನ್ನು ಕಳ್ಳ ಎನ್ನಬಹುದೇ?

ಉಳಿದವರು ಹೋದರು. ಟಿಕೆಟು ರದ್ದು ಮಾಡಿದರೆ ಎಲ್ಲರ ಹಣ ಮುಳುಗುತ್ತಿತ್ತು. ಆ ದಿನಗಳಲ್ಲಿ ನಾನು ಬಸಮ್ಮ ಟೀಚರಿಗೆ ದಿನಕ್ಕೊಮ್ಮೆ ಫೋನು ಮಾಡಿ ಎಲ್ಲರೂ ಇದ್ದೀರಾ ಎಂದು ಕೇಳುತ್ತಿದ್ದೆ. 'ಎಲ್ಲಾರೂ ಅದೀವಿ ತಾಯಿ, ನೀವೇನು ಹಾಜರಿ ತಗೋತೀರೇನು?' ಎಂದು ನಗುತ್ತಿದ್ದರು. ಮಸ್ಕತ್‌ಗೆ ಹೋದ ದಿನ ಮಾತ್ರ ಅವರು ಫೋನು ತೆಗೆಯಲಿಲ್ಲ.

ಮರಳಿ ಬಂದ ಮಾರನೆಯ ದಿನ ಮಲ್ಲಟದಿಂದ ನೇರವಾಗಿ ಆಫೀಸಿಗೆ ಬಂದರು. ನಗುತ್ತಲೇ ಶುರು ಮಾಡಿದರು. ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತೇನೆ.

'ಮಸ್ಕತ್ ಬಸ್‌ಸ್ಟ್ಯಾಂಡಿನಾಗ ಇಳದ್ವಿ. ಕಾರಿನಾಗ ಒಬ್ಬಾಂವ ಬಂದಿದ್ದ. ನಮ್ಮವನ ಇದ್ದಂಗಿದ್ದ, ಹಿಂದಿ ಮಾತಾಡ್ತಿದ್ದ. ಫೋನಿನಾಗ ಈರಮ್ಮನ ಫೋಟೋ ಹಿಡಕೊಂಡು ನಮ್ಮೆಲ್ಲಾರ ಮಾರಿ ನೋಡಾಕತ್ತಿದ್ದ. ಶರಣಪ್ಪ ಕೈ ಮುಗಿದು ಏನೋ ಹೇಳಿದ, ಆಕಿ ಬಂದಿಲ್ಲ ಅಂತ. ಆಂವ ಬೈದ ರಿ. ಭಾಳ ಬೈದ. ಆಮ್ಯಾಲ ನನ್ನ ಕಡಿ ಬೆರಳು ಮಾಡಿದ. ಈಕಿ ಯಾರು, ಒಬ್ಬಾಕೇನ ಬಂದಾಳೇನು ಅಂತ ಕೇಳಿದ.'

'ಶರಣಪ್ಪ ಏನಂದ್ರಿ?'

'ಸುಮ್ಮನಿದ್ದ. ಅದಕ್ಕ ನನಗ ಹೆದರಿಕಿ ಬಂದದ್ದು. ಅಲ್ಲ ಅನ್ನಬೇಕಿತ್ತಲ್ಲ, ಅನ್ನಲಿಲ್ಲ. ಆಂವ ಹತ್ತರ ಬಂದು ನನ್ನ ಕೈ ತಿರಗಿಸಿ ನೋಡಿದ, ಸಂತಿಯಾಗ ಎತ್ತಿನ ಹಲ್ಲು ನೋಡ್ತಾರಲ್ಲ ಹಂಗ. ಬುಡ್ಢಿ ಹೈ ಅಂದು ಬಿಟ್ಟು ಹೋದ.'

ಟೀಚರ್ ನಕ್ಕರು. 'ನನಗ ವಯಸ್ಸಾಗೇದಂತ ಪಾರಾದೆ ನೋಡ್ರಿ. ಜಲ್ಮದಾಗ ಮೊದಲನೇ ಸಲ ಮುದುಕಿ ಅಂದ್ರ ಖುಷಿ ಆತು.' ನಗುತ್ತಿದ್ದವರು ಆ ಕೈಯನ್ನು ಸೆರಗಿನಿಂದ ಒರೆಸಿಕೊಂಡರು. ಮತ್ತೆ ಮತ್ತೆ ಒರೆಸಿಕೊಂಡರು. ಆಮೇಲೆ ನಗಲಿಲ್ಲ. ಅಸ್ಲಂ ಎದ್ದು ಅವರಿಗೆ ನೀರು ತಂದುಕೊಟ್ಟ.

ಅಂದರೆ ಮುದುಕಿ ಇರಲಿಲ್ಲ. ಮನೆ ಇರಲಿಲ್ಲ. ಬೇಕಾಗಿದ್ದದ್ದು ಈರಮ್ಮನೂ ಅಲ್ಲ. ಬೇಕಾಗಿದ್ದದ್ದು ಒಬ್ಬಳು, ಯಾರಾದರೂ ಒಬ್ಬಳು. ನಾನು, ಅಸ್ಲಂ, ಟೀಚರ್ ಮೂವರೂ ಹೋಗಿ ಪೊಲೀಸರಿಗೆ ದೂರು ಕೊಟ್ಟೆವು. ತನಿಖೆ ಇನ್ನೂ ನಡೆಯುತ್ತಿದೆ, ಹಾಗಾಗಿ ಆ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯುವುದು ಸರಿಯಲ್ಲ. ಶರಣಪ್ಪ ಆಮೇಲೆ ನಮ್ಮ ಆಫೀಸಿಗೆ ಬರಲಿಲ್ಲ. ಬೇರೆ ಊರಿನ ಬೇರೆ ಆಫೀಸಿಗೆ ಹೋಗುತ್ತಿದ್ದಾನೆಯೇ? ಗೊತ್ತಿಲ್ಲ.

ಹೊಸಬರಿಗೆ ನಾನು ಹೇಳುವುದು ಇಷ್ಟೇ. ಗುಂಪು ಹೋಗುವಾಗ ಚೀಲ ತೂಗುತ್ತೀರಿ, ಪಾಸ್‌ಪೋರ್ಟ್ ನೋಡುತ್ತೀರಿ. ಬಂದ ಮೇಲೆ ಪ್ರತಿಯೊಬ್ಬರಿಗೂ ಒಂದು ಫೋನು ಮಾಡಿ. ಮುಖಂಡನಿಗಲ್ಲ, ಪ್ರತಿಯೊಬ್ಬರಿಗೂ. ಅವರ ಧ್ವನಿಯನ್ನು ನೀವೇ ಕೇಳಿ. ಯಾವ ಮಾಲೀಕರೂ ಇದನ್ನು ನಿಮಗೆ ಹೇಳಿಕೊಡುವುದಿಲ್ಲ, ಏಕೆಂದರೆ ನಮ್ಮ ಕಸುಬಿನಲ್ಲಿ ಹೋಗುವವರು ಮಾತ್ರ ಗಿರಾಕಿಗಳು.

ಇದನ್ನು ನನಗೆ ಕಲಿಸಿದವಳು ಈರಮ್ಮ. ಮಸ್ಕತ್‌ನಲ್ಲಿ ನಡೆದದ್ದನ್ನು ತಿಳಿಸಲು ನಾನು ದೇವದುರ್ಗಕ್ಕೆ ಹೋಗಿದ್ದೆ. ಅವಳು ಒಂದು ಹಾಸ್ಟೆಲಿನಲ್ಲಿ ಅಡುಗೆಗೆ ಸೇರಿದ್ದಳು. ಹೊಸ್ತಿಲ ಮೇಲೆ ಕೂತು ಎಲ್ಲ ಕೇಳಿದಳು. ನಾನು ಮುಗಿಸಿದ ಮೇಲೆ ಕೇಳಿದಳು.

'ಹಂಗಾದ್ರ ನನಕಿಂತ ಮೊದಲು ಹೋದವರು?'

ಶರಣಪ್ಪನ ಹಿಂದಿನ ಗುಂಪುಗಳು ನನ್ನ ಕಣ್ಣ ಮುಂದೆ ಬಂದವು. ಒಂದು ಮುಖದ ಹತ್ತಿರ ಮನಸ್ಸು ನಿಂತಿತು. ಮಾನ್ವಿಯ ಕಲ್ಲಮ್ಮ ಎಂಬ ಚಿಕ್ಕ ವಯಸ್ಸಿನ ಹೆಂಗಸು. ಅವಳನ್ನೂ ಅವನು ಸಂಬಂಧಿಕಳು ಎಂದೇ ಕರೆತಂದಿದ್ದ. ಅವಳ ಮಾತನ್ನೂ ಅವನೇ ಆಡಿದ್ದ. ಇದನ್ನು ಹೇಳಿದಾಗ ಈರಮ್ಮ ಎದ್ದು ಬಾಗಿಲಿಗೆ ಬೀಗ ಹಾಕಿದಳು.

'ನಡ್ರಿ ಅಕ್ಕಾರ. ಮನಿ ಹುಡುಕೂಣು.'

ಮಾನ್ವಿಯಲ್ಲಿ ಮೂರು ಓಣಿ ಕೇಳಿದ ಮೇಲೆ ಮನೆ ಸಿಕ್ಕಿತು. ಕಲ್ಲಮ್ಮನ ಅತ್ತೆ, ಕಣ್ಣು ಮಂಜಾದ ಮುದುಕಿ, ಅಂಗಳದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ಎಲ್ಲಿಂದ ಬಂದಿರಿ ಎಂದು ಕೇಳಿದಳು. ನಾನು ರಾಯಚೂರಿನಿಂದ, ನಿಮ್ಮ ಸೊಸೆಗೆ ಟಿಕೆಟ್ ಮಾಡಿಕೊಟ್ಟ ಆಫೀಸಿನಿಂದ ಎಂದೆ.

ಮುದುಕಿಯ ಮಡಿಲಿನ ಶೇಂಗಾ ನೆಲಕ್ಕೆ ಚೆಲ್ಲಿತು. ಅವಳು ಗೋಡೆ ಹಿಡಿದು ಎದ್ದು ನಿಂತು, ನನ್ನನ್ನಾಗಲಿ ಈರಮ್ಮನನ್ನಾಗಲಿ ನೋಡದೆ, ನಮ್ಮ ಬೆನ್ನ ಹಿಂದಿನ ಖಾಲಿ ಓಣಿಯಲ್ಲಿ ಕಣ್ಣು ಕಿರಿದು ಮಾಡಿ ಹುಡುಕತೊಡಗಿದಳು.

'ಕರಕೊಂಡ ಬಂದೀರೇನವ್ವಾ?' ಎಂದಳು. 'ಎಲ್ಲಿ ನಿಂತಾಳ?'